ಫೋನು ಮಾಡಿ ಬರಬೇಕಾದ ಚರಂಡಿ

“ನಮ್ಮ ಮನೆಗೆ ಬರೋ ಮುಂಚೆ ಇನ್ಮೇಲೆ ಚರಂಡಿ ನೀರು ಕೂಡ ಫೋನ್ ಮಾಡಿ ಕೇಳ್ಬೇಕು, ಗೊತ್ತಾಯ್ತಾ? ‘ಅಮ್ಮಾ, ಬರ್ಲಾ?’ ಅಂತ ಕೇಳ್ಬೇಕು. ‘ಇರು, ಗ್ರೈಂಡರ್ ಮಾಳಿಗೆಗೆ ಹತ್ತಿಸಿ ಹೇಳ್ತೀನಿ’ ಅಂತೀನಿ ನಾನು. ಅಲ್ಲೀವರೆಗೂ ಅದು ಹೊರಗೇ ನಿಂತಿರ್ಬೇಕು, ಕೈ ಕಟ್ಕೊಂಡು!”

ದೇಸಮ್ಮಾಳ್ ಈ ಮಾತು ಹೇಳಿದ್ದು ಮೋರಿ ಸೇತುವೆಯ ಮೇಲೆ ನಿಂತು, ಸೆರಗಿನಿಂದ ಮೂಗು ಮುಚ್ಚಿಕೊಂಡು. ಮೂಗು ಮುಚ್ಚಿಕೊಂಡೇ ಜಂಬ ಕೊಚ್ಚುವ ವಿದ್ಯೆ ಇಡೀ ಚೆನ್ನೈಯಲ್ಲಿ ನಮ್ಮ ಬೀದಿಯವರಿಗೆ ಮಾತ್ರ ಒಲಿದಿದೆ. ನಾವು ಹುಟ್ಟುವಾಗಲೇ ಒಂದು ಕೈ ಮೂಗಿನ ಮೇಲಿಟ್ಟುಕೊಂಡು ಹುಟ್ಟಿದವರು.

ಬೀದಿಯ ಹೆಸರು ಮಲ್ಲಿಪೂ ತೋಟ. ಇಲ್ಲಿ ಮಲ್ಲಿಗೆ ಕಡೆಯ ಸಲ ಅರಳಿದ್ದು ಬಿಳಿಯರ ಕಾಲದಲ್ಲಿರಬೇಕು. ನಮ್ಮ ಕಾಲುವೆಯನ್ನು ಒಮ್ಮೆ ಮೂಸಿ ನೋಡಿ, ಬಳ್ಳಿ ಸಮೇತ ಎದ್ದು ಮಧುರೈ ಕಡೆಗೆ ಓಡಿಹೋಯಿತು. ಕಾಲುವೆ ಎನ್ನುವುದೂ ಮರ್ಯಾದೆಗೆ. ಅದರ ಮೇಲೆ ಹಾರುವ ಕಾಗೆಗಳು ಒಂದು ರೆಕ್ಕೆಯಿಂದ ಮೂಗು ಮುಚ್ಚಿಕೊಂಡು ಇನ್ನೊಂದು ರೆಕ್ಕೆಯಲ್ಲೇ ಹಾರುತ್ತವೆ. ಸೊಳ್ಳೆಗಳು ಅದರಲ್ಲಿ ಮೊಟ್ಟೆ ಇಡುತ್ತವೆ, ನಿಜ, ಆದರೆ ಇಟ್ಟು ಬಂದು ನಮ್ಮ ಮನೆಗಳಲ್ಲಿ ಕಾಲು ತೊಳೆದುಕೊಳ್ಳುತ್ತವೆ. ನೀರಿನ ಬಣ್ಣ ಏನೆಂದು ಹೇಳಲು ನನ್ನಿಂದಾಗದು. ಅದನ್ನು ನೀರು ಎನ್ನಲೂ ಆಗದು. ಬಿಸಿಲುಗಾಲದಲ್ಲಿ ಅದು ಹರಿಯುವುದಿಲ್ಲ, ಮಗ್ಗುಲು ಬದಲಿಸುತ್ತದೆ.

ಇಂಥ ಬೀದಿಯಲ್ಲಿ, ಇಂಥ ಕಾಲುವೆಯಿಂದ ನಾಲ್ಕು ಮನೆ ಈಚೆಗೆ, ದೇಸಮ್ಮಾಳ್ ಮಾಡುತ್ತಿದ್ದ ಕೆಲಸವೆಂದರೆ ದೋಸೆಹಿಟ್ಟು ಮಾರುವುದು.

ನಗಬೇಡಿ. ಆಕೆಯ ಹಿಟ್ಟಿನ ಮೇಲೆ ಇಡೀ ಬೀದಿಗೆ ನಂಬಿಕೆಯಿತ್ತು, ಏಕೆಂದರೆ ಆಕೆಯಷ್ಟು ಹೇಸಿಗೆಪಡುವ ಹೆಂಗಸು ಈ ಕಡೆ ಇನ್ನೊಬ್ಬಳಿಲ್ಲ. ಹೇಸಿಗೆಯೇ ಆಕೆಯ ಬಂಡವಾಳ. ದಿನಕ್ಕೆ ಮೂರು ಸ್ನಾನ. ಬಾಗಿಲಲ್ಲಿ ಒಂದು ಕೊಡ ನೀರು, ಒಂದು ಚೊಂಬು. ಕಾಲು ತೊಳೆಯದವರು ಹೊಸ್ತಿಲು ದಾಟುವಂತಿಲ್ಲ. ಒಮ್ಮೆ ಕರೆಂಟು ಬಿಲ್ಲಿನವನು ಬೂಟು ಹಾಕಿಕೊಂಡೇ ಒಳಗೆ ಬಂದ. “ಥೂ! ಎಲ್ಲೆಲ್ಲಿ ತುಳಿದ ಕಾಲೋ ಅದು! ಹೋಗಿ ಕಂಬ ಹತ್ತಿ ಮೀಟರ್ ನೋಡ್ಕೋ!” ಎಂದು ಆಕೆ ಅಟ್ಟಿದ ರಭಸಕ್ಕೆ ಅವನು ಈಗಲೂ ಆ ಮನೆಯ ಮೀಟರನ್ನು ರಸ್ತೆಯಿಂದಲೇ ಅಂದಾಜಿನ ಮೇಲೆ ಓದುತ್ತಾನೆ. ಗಂಡ ತೀರಿಕೊಂಡು ಬಹಳ ಕಾಲವಾಗಿದೆ. ಒಬ್ಬಳೇ ಮಗಳು ತಿರುವೊಟ್ಟಿಯೂರಿನಲ್ಲಿ ಸಂಸಾರ ಮಾಡಿಕೊಂಡಿದ್ದಾಳೆ. ದೇಸಮ್ಮಾಳ್‌ಗೆ ಮನೆಯಲ್ಲಿ ಜೊತೆಯೆಂದರೆ ಗ್ರೈಂಡರ್. ಅದರ ಜೊತೆಗೇ ಆಕೆ ಮಾತಾಡುತ್ತಿದ್ದದ್ದು, ಬೈಯುತ್ತಿದ್ದದ್ದು, ನಗುತ್ತಿದ್ದದ್ದು.

ಹೋದ ವರ್ಷದ ಚಂಡಮಾರುತದಲ್ಲಿ ಆ ಜೊತೆಗಾರ ಸತ್ತ.

ಸತ್ತ ರೀತಿ ಹೇಳಲೇಬೇಕು, ಊಟ ಮಾಡುತ್ತಿದ್ದವರು ಎಲೆ ಮಡಿಚಿ ಆಮೇಲೆ ಓದಿ. ಕಾಲುವೆ ಉಕ್ಕಿ ಬೀದಿಗೆ ಬಂತು. ದೇಸಮ್ಮಾಳ್ ಮನೆಗೆ ಮೊದಲು ಬಂದದ್ದು ಒಂದು ಒಂಟಿ ಚಪ್ಪಲಿ, ಹೊಸ ಅಳಿಯನ ಹಾಗೆ ಗತ್ತಿನಿಂದ ಬಾಗಿಲು ದಾಟಿ ನೇರ ಅಡುಗೆಮನೆಗೆ ಹೋಯಿತು. ಅದರ ಹಿಂದೆ ಜಿರಲೆಗಳ ದಿಬ್ಬಣ. ಅದರ ಹಿಂದೆ ಸತ್ತ ಹೆಗ್ಗಣ. ಅದರ ಹಿಂದೆ ಬಂದದ್ದನ್ನು ನಾನು ಬರೆಯುವುದಿಲ್ಲ, ಕಾಗದಕ್ಕೂ ಮಾನವಿದೆ. ಇವೆಲ್ಲ ಸೇರಿ ಗ್ರೈಂಡರಿನ ಪಾತ್ರೆಯಲ್ಲಿ ಒಂದು ಹಗಲು ಒಂದು ರಾತ್ರಿ ಬಿಡಾರ ಹೂಡಿದವು.

ನೀರು ಇಳಿದ ಮೇಲೆ ದೇಸಮ್ಮಾಳ್ ಆ ಕಲ್ಲನ್ನು ಅರಿಶಿನದಲ್ಲಿ ತೊಳೆದಳು, ಬೇವಿನಸೊಪ್ಪು ಹಾಕಿ ಉಜ್ಜಿದಳು, ಬ್ಲೀಚಿಂಗ್ ಪುಡಿ ಸುರಿದು ಮತ್ತೆ ತೊಳೆದಳು. ತೊಳೆದೂ ತೊಳೆದೂ ಕಲ್ಲೇ ಅರ್ಧ ಸವೆದುಹೋಯಿತು. ಆದರೆ ಹಿಟ್ಟು ಕೊಳ್ಳುವವರು ಬರಲಿಲ್ಲ. “ಇವತ್ತು ನಮ್ಮನೇಲಿ ಉಪವಾಸ ಅಕ್ಕಾ” ಎಂದರು ಒಬ್ಬರು. “ನಮ್ಮನೇಲೂ” ಎಂದರು ಇನ್ನೊಬ್ಬರು. ಆ ತಿಂಗಳು ಮಲ್ಲಿಪೂ ತೋಟದಲ್ಲಿ ಹಬ್ಬಿದಷ್ಟು ದೈವಭಕ್ತಿ ಕಾಂಚೀಪುರದಲ್ಲೂ ಇದ್ದಿರಲಾರದು. ಇಡೀ ಬೀದಿ ಉಪವಾಸವಿತ್ತು, ಮತ್ತು ಇಡೀ ಬೀದಿಯಲ್ಲಿ ಅಂಗಡಿಯ ಪ್ಯಾಕೆಟ್ ಹಿಟ್ಟಿನ ದೋಸೆಯ ವಾಸನೆ ಬರುತ್ತಿತ್ತು.

ದೇಸಮ್ಮಾಳ್ ಯಾರ ಮೇಲೂ ಸಿಟ್ಟಾಗಲಿಲ್ಲ. “ಅವ್ರ ತಪ್ಪಲ್ಲ. ಆ ನೀರು ಮುಟ್ಟಿದ ಕಲ್ಲಲ್ಲಿ ರುಬ್ಬಿದ್ದನ್ನ ನಾನಾದ್ರೂ ತಿಂತಿದ್ನಾ? ಥೂ!” ಎಂದು ಗ್ರೈಂಡರನ್ನು ಹೊರಗೆ ಹಾಕಿಸಿದಳು. ಮೋಟರು ಗುಜರಿಗೆ ಹೋಯಿತು. ಕಲ್ಲು ಟೀ ಅಂಗಡಿಯ ಮುಂದೆ ಬಿತ್ತು. ಅದರ ಮೇಲೆ ಎದಿರಾಜ್ ಕೂತ, ಕೂತವನು ಬಹಳ ಕಾಲ ಏಳಲಿಲ್ಲ. ಎದಿರಾಜ್ ಎಂದರೆ ಬಂದರಿನಲ್ಲಿ ಮೂಟೆ ಹೊತ್ತು ನಿವೃತ್ತನಾದವನು. ಹಿಂದೆ ಒಂದು ಹಡಗನ್ನು ಒಬ್ಬನೇ ದಡಕ್ಕೆ ಎಳೆದಿದ್ದೆ ಎನ್ನುತ್ತಾನೆ. ಈಗ ಟೀ ಲೋಟ ಎತ್ತುವುದಕ್ಕೂ ಯಾರಾದರೂ ಸಿಗುತ್ತಾರೇನೋ ಎಂದು ಆಚೀಚೆ ನೋಡುತ್ತಾನೆ.

ಚೀಟಿ ಹಾಕಿ, ಮಗಳ ಕೈಲಿ ಬೈಸಿಕೊಂಡು, ದೇಸಮ್ಮಾಳ್ ಹೊಸ ಗ್ರೈಂಡರ್ ತಂದಳು. ಮೊದಲಿನದಕ್ಕಿಂತ ದೊಡ್ಡದು, ಹೋಟೆಲಿನವರು ಇಡುವಂಥದ್ದು. ಅದನ್ನು ಎತ್ತಲು ನಾಲ್ಕು ಗಂಡಸರು ಬೇಕು. ನಮ್ಮ ಬೀದಿಯಲ್ಲಿ ನಾಲ್ಕು ಗಂಡಸರನ್ನು ಒಂದೇ ಕಡೆ ನಿಲ್ಲಿಸಲು ಕನಿಷ್ಠ ಒಂದು ಗಂಟೆ ಬೇಕು. ಪಕ್ಕದ ಮನೆಯ ಮಾಳಿಗೆಯಲ್ಲಿ ಜಾಗ ಹೇಳಿಟ್ಟಿದ್ದಳು. ಹಾಗಾಗಿ ಆಕೆಯ ಲೆಕ್ಕ ಸರಳವಾಗಿತ್ತು: ನೀರು ಬರುವ ಒಂದು ಗಂಟೆ ಮುಂಚೆ ಗೊತ್ತಾದರೆ ಗ್ರೈಂಡರ್ ಉಳಿಯುತ್ತದೆ. ಗೊತ್ತಾಗದೆ ಆ ನೀರು ಇದನ್ನೂ ಮುಟ್ಟಿತೋ, ದೇಸಮ್ಮಾಳ್ ಹಿಟ್ಟಿನ ವ್ಯಾಪಾರಕ್ಕೆ ಅಲ್ಲಿಗೆ ಮಂಗಳ.

ಆ ಹೊತ್ತಿಗೆ ಬಂದಳು ಕಯಲ್ವಿಳಿ.

ಎಂಜಿನಿಯರಿಂಗ್ ಕಾಲೇಜಿನಲ್ಲಿ ಪಾಠ ಹೇಳುವ ಹುಡುಗಿ. ಊಟದ ಡಬ್ಬಿಯಷ್ಟು ದೊಡ್ಡ ಒಂದು ಪೆಟ್ಟಿಗೆ ತಂದು ಮೋರಿ ಸೇತುವೆಯ ಅಡಿಗೆ, ಮುಖ ಕೆಳಗೆ ಮಾಡಿ ತಿರುಪು ಹಾಕಿ ಬಿಗಿಸಿದಳು. ಪೆಟ್ಟಿಗೆಯ ಮುಖದಲ್ಲಿ ಬಟ್ಟಲಿನಂಥ ಎರಡು ದುಂಡು ತೂತು. ಬೀದಿಗೆ ಬೀದಿಯೇ ಬಗ್ಗಿ ನೋಡಿತು, ನೋಡಿ ಕೆಮ್ಮಿತು.

“ಇದೇನು ಕಣ್ಣಾ?” ಎಂದಳು ದೇಸಮ್ಮಾಳ್.

“ಕಿವಿ ಅನ್ಕೊಳ್ಳಿ ಅಮ್ಮಾ. ಬಾವಲಿ ಇಲ್ವಾ, ಹಂಗೆ. ಒಂದರಿಂದ ಕೆಳಗಡೆ ಕೂಗುತ್ತೆ. ಕೂಗು ನೀರಿಗೆ ಬಡ್ದು ವಾಪಸ್ ಬರುತ್ತೆ, ಇನ್ನೊಂದರಲ್ಲಿ ಕೇಳಿಸ್ಕೊಳುತ್ತೆ. ಬೇಗ ವಾಪಸ್ ಬಂತು ಅಂದ್ರೆ ನೀರು ಮೇಲಕ್ಕೆ ಬಂದಿದೆ ಅಂತ.”

“ಇಲ್ಲಿ ಬಾಯಿ ತೆಗೆದು ಕೂಗುತ್ತಾ? ಈ ನಾತದಲ್ಲಿ? ಅಯ್ಯೋ ಪಾಪ, ನಾಳೆನೇ ಸಾಯುತ್ತೆ ಬಿಡು.”

“ಇದಕ್ಕೆ ಮೂಗಿಲ್ಲ ಅಮ್ಮಾ.”

“ಪುಣ್ಯ ಮಾಡಿತ್ತು.”

ನೀರು ಒಂದು ಗುರುತಿಗೆ ಬಂದರೆ ಟೀ ಅಂಗಡಿಯ ಕಂಬದ ಮೇಲಿನ ಸೈರನ್ ಕೂಗುವುದು, ದೇಸಮ್ಮಾಳ್ ಫೋನಿಗೂ ಕರೆ ಬರುವುದು, ಅದು ಏರ್ಪಾಡು. ಪೆಟ್ಟಿಗೆಗೆ ಜೇಡ ಬಲೆ ಕಟ್ಟದಂತೆ ವಾರಕ್ಕೊಮ್ಮೆ ಒರೆಸಬೇಕು, ಯಾರು ಒರೆಸುತ್ತೀರಿ ಎಂದು ಕಯಲ್ ಕೇಳಿದಾಗ ಬೀದಿಯ ಗಂಡಸರೆಲ್ಲ ಆಕಾಶ ನೋಡಿದರು. ಮೋರಿಯ ಅಂಚಿಗೆ ಇಳಿದು, ಆ ಗಬ್ಬಿಗೆ ತಲೆ ಬಗ್ಗಿಸುವುದೆಂದರೆ ಸುಮ್ಮನೆಯೇ? ಇಡೀ ಬೀದಿಯಲ್ಲಿ ಅತಿ ಹೆಚ್ಚು ಹೇಸುವ ದೇಸಮ್ಮಾಳೇ ಮುಂದೆ ಬಂದಳು. “ಗ್ರೈಂಡರ್ ನಂದು, ನಾನೇ ಒರೆಸ್ತೀನಿ. ನೀವೆಲ್ಲ ಮೋಡ ಎಣಿಸ್ತಾ ಇರಿ.” ಅಂದಿನಿಂದ ಪ್ರತಿ ವಾರ ಮುಖಕ್ಕೆ ಬಟ್ಟೆ ಕಟ್ಟಿ, ಬಟ್ಟೆಯೊಳಗೆ ಕರ್ಪೂರ ಇಟ್ಟುಕೊಂಡು ಇಳಿಯುತ್ತಿದ್ದಳು. ಒರೆಸಿ ಮೇಲೆ ಬಂದು ಹತ್ತು ಸಲ “ಥೂ” ಎಂದು ನಾಲ್ಕನೆಯ ಸ್ನಾನ ಮಾಡುತ್ತಿದ್ದಳು. ಚರಂಡಿ ಫೋನು ಮಾಡಿ ಬರಬೇಕು ಎಂಬ ಆ ಜಂಬ ಹುಟ್ಟಿದ್ದು ಈ ದಿನಗಳಲ್ಲಿ.

ಉದ್ಘಾಟನೆ ಮಾಡಿದವರು ತಣಿಕಾಚಲಂ. ನಮ್ಮ ವಾರ್ಡಿನ ಕೌನ್ಸಿಲರ್ ಆಗಿರುವುದು ಅವರ ಹೆಂಡತಿ. ಆ ತಾಯಿಯನ್ನು ನಾವು ಮತಪತ್ರದಲ್ಲಿ ಒಮ್ಮೆ ನೋಡಿದ್ದೇವೆ. ಉಳಿದಂತೆ ಎಲ್ಲ ಗಂಡನೇ. ಆ ಪೆಟ್ಟಿಗೆಯ ಬೆಲೆ, ಅದನ್ನು ಉದ್ಘಾಟಿಸಲು ಕಟ್ಟಿದ ಫ್ಲೆಕ್ಸಿನ ಒಂದು ಮೂಲೆಗೂ ಸಾಲದು. ಸೇತುವೆಯ ಈ ತುದಿಯಿಂದ ಆ ತುದಿಯವರೆಗೆ ತಣಿಕಾಚಲಂ ನಗುತ್ತಿದ್ದರು. ಒಂದೊಂದು ಹಲ್ಲೂ ನಮ್ಮ ಮನೆ ಬಾಗಿಲಿನಷ್ಟು. ಪೆಟ್ಟಿಗೆಯ ಚಿತ್ರ ಹಾಕಲು ಅದರಲ್ಲಿ ಜಾಗ ಸಿಕ್ಕಿರಲಿಲ್ಲ.

ಪುರಟಾಸಿ ತಿಂಗಳು ಮುಗಿಯುತ್ತ ಆಯುಧಪೂಜೆ ಬಂತು. ನಮ್ಮಲ್ಲಿ ಅಂದು ಕತ್ತರಿಯಿಂದ ಲಾರಿಯವರೆಗೆ ಎಲ್ಲಕ್ಕೂ ಗಂಧ, ಕುಂಕುಮ, ಹಾರ. ದೇಸಮ್ಮಾಳ್ ಗ್ರೈಂಡರನ್ನು ಮದುಮಗನ ಹಾಗೆ ಸಿಂಗರಿಸಿದಳು. ಸಿಂಗರಿಸಿ ಕೂತವಳಿಗೆ ಮನಸ್ಸಿನಲ್ಲಿ ಚುರುಕ್ಕೆಂದಿತು. ಗ್ರೈಂಡರಿಗೆ ಪೂಜೆಯಾಯಿತು, ಗ್ರೈಂಡರನ್ನು ಕಾಯುವವನಿಗೆ? ಹಬ್ಬದ ದಿನವೂ ಆ ನರಕದಲ್ಲಿ ತಲೆಕೆಳಗಾಗಿ ನೇತಾಡುತ್ತಿದೆ, ಒಂದು ಬೊಟ್ಟಿಲ್ಲ, ಒಂದು ಹೂವಿಲ್ಲ.

ಗಂಧ ಕುಂಕುಮ ಹಿಡಿದು ಇಳಿದಳು. ಆ ಎರಡು ತೂತುಗಳನ್ನು ಮುಟ್ಟಬಾರದೆಂದು ಕಯಲ್ ಹೇಳಿದ್ದು ನೆನಪಿತ್ತು. ಬಹಳ ಎಚ್ಚರಿಕೆಯಿಂದ ಪೆಟ್ಟಿಗೆಯ ಬೆನ್ನಿಗಷ್ಟೇ ಬೊಟ್ಟಿಟ್ಟಳು. ಊರಿನವರ ಕಣ್ಣೆಲ್ಲ ಇದರ ಮೇಲಿದೆಯಲ್ಲ ಎಂದು ದೃಷ್ಟಿಗೆ ಒಂದು ಬೂದುಗುಂಬಳಕಾಯಿ ತಂದಿದ್ದಳು. ಮೀಸೆ, ಕೋರೆಹಲ್ಲು ಬರೆದ ಆ ಕಾಯನ್ನು ಸೇತುವೆಯ ಕಂಬಿಗೆ ಹಗ್ಗದಲ್ಲಿ ಕಟ್ಟಿ ಇಳಿಬಿಟ್ಟು, ಕೈ ಮುಗಿದು ಮನೆಗೆ ಹೋದಳು. ಹಗ್ಗ ಜಗ್ಗಿತು. ಕುಂಬಳಕಾಯಿ ಮೆಲ್ಲಗೆ ಇಳಿದು, ಅಳತೆ ಮಾಡಿ ಇಟ್ಟ ಹಾಗೆ ಪೆಟ್ಟಿಗೆಯ ಮುಖದ ಕೆಳಗೆ ಬಂದು ನಿಂತಿತು.

ಪೆಟ್ಟಿಗೆ ಕೂಗಿತು. ಕೂಗು ಕುಂಬಳಕಾಯಿಗೆ ಬಡಿದು ತಕ್ಷಣ ವಾಪಸು ಬಂತು. ನೀರು ಸೇತುವೆ ಮುಟ್ಟಿದೆ ಎಂದು ಅದು ತಿಳಿದದ್ದರಲ್ಲಿ ತಪ್ಪೇನಿದೆ?

ಬೀದಿ ಕಡಲೆಪುರಿ ತಿನ್ನುತ್ತಿತ್ತು. ಸೈರನ್ ಬಾಯಿಬಿಟ್ಟಿತು ನೋಡಿ! ಬಿಸಿಲು ಸುಡುತ್ತಿತ್ತು, ಆಕಾಶದಲ್ಲಿ ಕರವಸ್ತ್ರದಷ್ಟು ಮೋಡವಿರಲಿಲ್ಲ. ಆದರೆ “ಮೇಲ್ಗಡೆ ಕೆರೆ ಬಾಗಿಲು ತೆಗೆದ್ಬಿಟ್ಟಿದಾರೆ!” ಎಂದು ಯಾರೋ ಕಿರುಚಿದರು, ಸಾಕಾಯಿತು. ಮಂಡಿನೋವೆಂದು ಏಳು ವರ್ಷದಿಂದ ಮೆಟ್ಟಿಲು ಹತ್ತದ ಎದಿರಾಜ್ ನೀರಿನ ಟ್ಯಾಂಕಿನ ನೆತ್ತಿಯ ಮೇಲಿದ್ದ. ಅಲ್ಲಿಂದ ಅವನನ್ನು ಬೈದು ಇಳಿಸಿದ ಮೇಲೆ ಅವನು, ಆಟೋ ಓಡಿಸುವ ಲೂರ್ದು, ಇನ್ನಿಬ್ಬರು ಸೇರಿ ಹಾರ ಹಾಕಿದ ಗ್ರೈಂಡರನ್ನು ಮಾಳಿಗೆಗೆ ಹೊತ್ತರು. ದೇವರ ಉತ್ಸವ ಹೊರಟ ಹಾಗಿತ್ತು. ಇಡೀ ಬೀದಿ ಮಾಳಿಗೆಗಳ ಮೇಲೆ ನಿಂತು ಪ್ರಳಯಕ್ಕೆ ಕಾಯಿತು. ಕೆಳಗೆ ಕಾಲುವೆ ಸತ್ತ ಎಮ್ಮೆಯ ಹಾಗೆ ಬಿದ್ದಿತ್ತು.

ಅಷ್ಟರಲ್ಲಿ ತಣಿಕಾಚಲಂ ಬಂದರು. ವ್ಯಾನಿನ ಮೇಲೆ ರಬ್ಬರ್ ದೋಣಿ, ಕಾಲಿಗೆ ಮಂಡಿವರೆಗಿನ ಬೂಟು, ಹಿಂದೆ ಫೋಟೋಗ್ರಾಫರ್. ದೋಣಿಯನ್ನು ರಸ್ತೆಗೆ ಇಳಿಸಿದರು. ಒಣ ರಸ್ತೆ. ಒಂದು ನಾಯಿ ಬಂದು ದೋಣಿಯನ್ನು ಮೂಸಿ, ಕಾಲೆತ್ತಿ, ಆ ದಿನ ದೋಣಿಗೆ ಸಿಕ್ಕ ಅಷ್ಟೂ ನೀರನ್ನು ಕೊಟ್ಟು ಹೋಯಿತು.

ಕಯಲ್ ಸ್ಕೂಟರಿನಲ್ಲಿ ಓಡಿಬಂದು ಸೇತುವೆಯ ಕೆಳಗೆ ಬಗ್ಗಿದವಳು ಮೇಲೇಳಲಿಲ್ಲ. ಏನಾಯಿತೋ ಎಂದು ನೋಡಿದರೆ ಹೊಟ್ಟೆ ಹಿಡಿದು ನಗುತ್ತಿದ್ದಳು. ಕುಂಬಳಕಾಯಿಯನ್ನು ಬಿಚ್ಚಿ ಮೇಲೆ ತಂದಳು. ಸೈರನ್ ನಿಂತಿತು.

“ಇದನ್ನ ಯಾರು ಕಟ್ಟಿದ್ದು?” ಎಂದರು ತಣಿಕಾಚಲಂ.

“ನಾನೇ ಅಣ್ಣಾ. ದೃಷ್ಟಿ ಆಗ್ಬಾರ್ದು ಅಂತ.”

“ನನ್ನನ್ನ ಒಣ ರೋಡ್ ಮೇಲೆ ದೋಣಿ ಜೊತೆ ನಿಲ್ಲಿಸ್ದೆಯಲ್ಲಮ್ಮಾ! ಆ ಫೋಟೋ ಆಗ್ಲೇ ಊರೆಲ್ಲ ಓಡಾಡ್ತಿದೆ! ನಂಗಾಗಿರೋ ದೃಷ್ಟಿ ಯಾರು ತೆಗೀತಾರೆ?”

“ಕಾಯಿ ಇಲ್ಲೇ ಇದೆಯಲ್ಲ, ಬನ್ನಿ ಒಡೀತೀನಿ” ಎಂದಳು ದೇಸಮ್ಮಾಳ್. ಆಕೆ ಹೇಳಿದ್ದು ಪಾಪ ನಿಜವಾಗಿಯೂ ಒಳ್ಳೆಯ ಮನಸ್ಸಿನಿಂದ.

ಅವರು ಅಲ್ಲೇ ಆಜ್ಞೆ ಹೊರಡಿಸಿದರು. ಸೈರನ್ನಿನ ವೈರು ಕತ್ತರಿಸಬೇಕು. ದೇಸಮ್ಮಾಳ್ ನಂಬರು ತೆಗೆಯಬೇಕು. ಮೆಸೇಜು ಇನ್ನು ಅವರೊಬ್ಬರ ಫೋನಿಗೆ ಬರಲಿ. ಅವರು ನೋಡಿ, ನಿಜವೆನಿಸಿದರೆ ಬೀದಿಗೆ ಹೇಳುತ್ತಾರೆ. ಕಯಲ್ ವಾದಿಸಿದಳು: “ಸಾರ್, ನೀರು ಮೆಟ್ಟಿಲು ಹತ್ತೋ ಹಾಗೆ ನಿಧಾನಕ್ಕೆ ಬರುತ್ತೆ. ಕುಂಬಳಕಾಯಿ ದೊಪ್ಪಂತ ಬಂತು. ದೊಪ್ಪಂತ ಬಂದಿದ್ದಕ್ಕೆಲ್ಲ ಕೂಗ್ಬೇಡ ಅಂತ ಇವತ್ತೇ ಇದಕ್ಕೆ ಕಲಿಸ್ತೀನಿ, ಇನ್ನೊಂದು ಸಲ ಹೀಗಾಗಲ್ಲ.”

“ಅದು ಕಲಿತ್ರೆ ಕಲೀಲಮ್ಮಾ. ವೈರ್ ಮಾತ್ರ ನನ್ನ ಹತ್ರ ಇರ್ಲಿ.”

ಪೆಟ್ಟಿಗೆಗೆ ಕರೆಂಟು ಕೊಟ್ಟಿದ್ದ ಕಂಬ ಅವರ ಕೃಪೆಯದು. ಕಯಲ್ ಹಲ್ಲು ಕಚ್ಚಿಕೊಂಡು ಪೆಟ್ಟಿಗೆಗೆ ಪಾಠ ಹೇಳಿ ಹೋದಳು. ಅದು ಒಂದೇ ಸಂಜೆಯಲ್ಲಿ ಕಲಿತುಬಿಟ್ಟಿತು.

ಬೀದಿ ಕಲಿತದ್ದು ಬೇರೆ ಪಾಠ. ದೇಸಮ್ಮಾಳ್ ಹಿಟ್ಟಿನ ಪಾತ್ರೆ ಹಿಡಿದು ಹೊರಟರೆ ಸಾಕು, “ಅಕ್ಕಾ, ಕುಂಬಳಕಾಯಿ ಮಟ್ಟ ಇವತ್ತು ಎಷ್ಟಿದೆ?” ಎನ್ನುವರು. “ಅಕ್ಕಾ, ಸಾಂಬಾರಿಗೆ ಕುಂಬಳಕಾಯಿ ಹಾಕಿದೀವಿ, ಮಾಳಿಗೆ ಹತ್ಬೇಕಾ?” ಎನ್ನುವರು. ಎಲ್ಲಕ್ಕಿಂತ ಜೋರು ನಗೆ ಎದಿರಾಜನದು, ಆಕೆಯ ಸತ್ತ ಗ್ರೈಂಡರಿನ ಕಲ್ಲಿನ ಮೇಲೆ ಕೂತು. ದೇಸಮ್ಮಾಳ್ ತನ್ನ ಪಾಡಿಗೆ ಪಾತ್ರೆ ಹಿಡಿದು ನಡೆಯುತ್ತಿದ್ದಳು. ವಾರಕ್ಕೊಮ್ಮೆ ಇಳಿದು, ಬಾಯಿ ಕಟ್ಟಿದ ಆ ಪೆಟ್ಟಿಗೆಯನ್ನು ಒರೆಸಿ, “ಥೂ” ಎಂದು ಹತ್ತಿ ಬರುತ್ತಿದ್ದಳು. ಈಗ ಆ “ಥೂ” ಕಾಲುವೆಗೋ ಬೀದಿಗೋ ತಿಳಿಯುತ್ತಿರಲಿಲ್ಲ.

ಕಾರ್ತಿಗೈ ತಿಂಗಳಲ್ಲಿ ಮಳೆ ಹಿಡಿಯಿತು. ಹನಿ ಎಂದರೆ ಒಂದೊಂದೂ ತೆಂಗಿನಕಾಯಿ. ಕೊಡೆ ಬಿಚ್ಚಿದವರು ಕೊಡೆಯ ಕೋಲು ಮಾತ್ರ ಹಿಡಿದು ಮನೆ ಸೇರಿದರು. ಗಾಳಿಗೆ ಸೇತುವೆಯ ಮೇಲಿದ್ದ ತಣಿಕಾಚಲಂ ಫ್ಲೆಕ್ಸು ಹರಿದು ಎತ್ತಲೋ ಹಾರಿತು. ಎತ್ತ ಎಂದು ಆಗ ಯಾರೂ ನೋಡಲಿಲ್ಲ.

ಮಾರನೆಯ ಬೆಳಿಗ್ಗೆ ದೇಸಮ್ಮಾಳ್ ಟೀ ಅಂಗಡಿಗೆ ಬಂದಳು, ಮಂಡಿವರೆಗೆ ಸೀರೆ ಎತ್ತಿ ಕಟ್ಟಿಕೊಂಡು.

“ಎದಿರಾಜಣ್ಣಾ, ಕಾಲುವೆ ದನಿ ಬೇರೆ ತರ ಕೇಳ್ತಿದೆ. ನಾಲ್ಕು ಜನ ಬಂದು ಗ್ರೈಂಡರ್ ಎತ್ತಿಕೊಡಿ. ಕಾಫಿ ಮಾಡಿಕೊಡ್ತೀನಿ.”

“ಸೈರನ್ ಕೂಗ್ಲಿಲ್ವಲ್ಲ ತಂಗೀ.”

“ಅದರ ವೈರು ಕತ್ತರಿಸಿ ಹಾಕಿದಾರಲ್ಲೋ!”

“ಹಂಗಾದ್ರೆ ನಮ್ಮ ತಲೈವರು ತಣಿಕಾಚಲಂ ಫೋನಿಗೆ ಬಂದಿರುತ್ತೆ. ಬಂದಿದ್ರೆ ಅವ್ರು ಹೇಳ್ತಿದ್ರು. ಹೇಳಿಲ್ಲ ಅಂದ್ರೆ ಬಂದಿಲ್ಲ. ಯಂತ್ರನೇ ಸುಮ್ನಿದೆ, ನಿಂಗ್ಯಾಕೆ ಅವಸರ?”

“ಹೋಗ್ಲಿ, ಒಂದ್ಸಲ ಎದ್ದು ಸೇತುವೆ ಹತ್ರ ನೋಡ್ಕೊಂಡಾದ್ರೂ ಬಾ.”

“ನೋಡೋದಕ್ಕೇ ಅಲ್ವಾ ಯಂತ್ರ ಇಟ್ಟಿರೋದು?” ಎಂದ ಎದಿರಾಜ್. ಅಂಗಡಿಯಲ್ಲಿದ್ದವರೆಲ್ಲ ನಕ್ಕರು. ಒಬ್ಬ ಬೀಡಿ ಹಚ್ಚುತ್ತ, “ಯಾವ ಕುಂಬಳಕಾಯಿ ಅಕ್ಕಾ ಇವತ್ತು, ಸಿಹಿದಾ?” ಎಂದ.

ಯಂತ್ರದ ಬಾಯಿಗೆ ಬಟ್ಟೆ ತುರುಕಿ, ಆಮೇಲೆ ಅದರ ಮೌನವನ್ನೇ ಸಾಕ್ಷಿಗೆ ಕರೆಯುವ ಈ ಜಾಣತನ ನೋಡಿ ನನಗೆ ಕಾಲುವೆಯ ವಾಸನೆಯೇ ವಾಸಿ ಎನ್ನಿಸಿತು.

ದೇಸಮ್ಮಾಳ್ ತಣಿಕಾಚಲಂ ನಂಬರಿಗೆ ಫೋನು ಮಾಡಿದಳು. ಗಂಟೆ ಬಾರಿಸಿತು, ಯಾರೂ ಎತ್ತಲಿಲ್ಲ. ಮತ್ತೆ ಮಾಡಿದಳು. ಮನೆಗೆ ಓಡಿದಳು. ಗ್ರೈಂಡರಿನ ಒಳಗಿನ ಉರುಳುಗಲ್ಲುಗಳನ್ನು ಬಿಚ್ಚಿ, ಒಂದೊಂದಾಗಿ ಎದೆಗೆ ಅವುಚಿಕೊಂಡು ಮಾಳಿಗೆಗೆ ಹೊತ್ತಳು. ಉಳಿದದ್ದು ಅಡಿಗಲ್ಲು ಕೂರಿಸಿದ ಪಾತ್ರೆ. ಅದನ್ನು ಒಂಟಿ ಹೆಂಗಸು ಅಲುಗಿಸುವಂತಿಲ್ಲ. ಬಾಗಿಲಿಗೆ ಅಕ್ಕಿ ಮೂಟೆ ಅಡ್ಡ ಇಟ್ಟಳು, ಸಂದಿಗೆ ತನ್ನ ಹಳೆಯ ಸೀರೆಗಳನ್ನೆಲ್ಲ ತುರುಕಿದಳು, ಪಾತ್ರೆಯ ಮುಂದೆ ಕೂತಳು.

ನೀರು ಬಾಗಿಲಿನಿಂದ ಬರಲಿಲ್ಲ. ಬಾಗಿಲಿನಿಂದ ಬರುವ ಮರ್ಯಾದೆ ಅದಕ್ಕೆಲ್ಲಿಯದು? ಅದು ಕಕ್ಕಸಿನ ಗುಂಡಿಯಿಂದ ಗುಳುಗುಳು ಎಂದು ಮೇಲೆದ್ದು ಬಂತು. ಬಚ್ಚಲ ತೂತಿನಿಂದ ಬಂತು. ಬೀದಿಯ ಎಲ್ಲರ ಮನೆಯದ್ದೂ ಒಂದಾಗಿ, ನೆಂಟರಂತೆ ತಬ್ಬಿಕೊಂಡು, ಎಲ್ಲರ ಮನೆಗೂ ವಾಪಸು ಬಂತು. ಜಾತಿ ಪಂಗಡ ನೋಡದೆ ಮಲ್ಲಿಪೂ ತೋಟ ಒಂದಾದದ್ದು ಆ ಒಂದು ದಿನ.

ತಮ್ಮ ತಮ್ಮ ಕಾಲು ಒದ್ದೆಯಾದ ಮೇಲೆ ಗಂಡಸರಿಗೆ ದೇಸಮ್ಮಾಳ್ ನೆನಪಾದಳು. ಎದಿರಾಜ್ ಮತ್ತು ಇನ್ನಿಬ್ಬರು ಬೀದಿಯ ಸೊಂಟದುದ್ದದ ಕೊಚ್ಚೆಯಲ್ಲಿ ಈಜುತ್ತ ನಡೆಯುತ್ತ ಬಂದರು. ಮನೆಯೊಳಗೆ ನೀರು ಇನ್ನೂ ಪಾತ್ರೆಯ ಅಂಚಿಗೆ ಬಂದಿರಲಿಲ್ಲ. ನಾಲ್ಕನೆಯವನಾದ ಲೂರ್ದು ಆಟೋ ತೆಗೆದುಕೊಂಡು ಎಲ್ಲಿಗೋ ಹೋಗಿದ್ದ. ಅವನ ಜಾಗಕ್ಕೆ ದೇಸಮ್ಮಾಳೇ ಹೆಗಲು ಕೊಟ್ಟಳು. ಪಾತ್ರೆ ನೆಲ ಬಿಟ್ಟು ಎದ್ದಿತು, ಮೊಣಕಾಲಿನವರೆಗೆ ಬಂತು, ಸೊಂಟದವರೆಗೆ ಬಂತು. ಹಡಗು ಎಳೆದ ಎದಿರಾಜನ ಕಾಲು ಕೊಚ್ಚೆಯಲ್ಲಿ ಜಾರಿತು. ಪಾತ್ರೆ ಓರೆಯಾಯಿತು. ಕರಿಯ ನೀರು ಅದರ ಅಂಚು ದಾಟಿ, ಬಾವಿಗೆ ಇಳಿಬಿಟ್ಟ ಕೊಡಕ್ಕೆ ತುಂಬುವ ಹಾಗೆ ಗಳಗಳ ತುಂಬಿತು.

“ಎತ್ತಿ, ಎತ್ತಿ! ಇನ್ನೂ ಎತ್ಬೋದು!” ಎಂದು ಎದಿರಾಜ್ ಕಿರುಚಿದ.

“ಬಿಡಣ್ಣಾ” ಎಂದಳು ದೇಸಮ್ಮಾಳ್. ಆಕೆ ಮೂಗು ಮುಚ್ಚಿಕೊಂಡಿರಲಿಲ್ಲ. “ಮುಟ್ಟಿಬಿಡ್ತು. ಇನ್ನು ಎತ್ತಿ ಏನ್ಮಾಡ್ತೀಯಾ?”

ಆಕೆ “ಥೂ” ಕೂಡ ಎನ್ನಲಿಲ್ಲ. ಅದೊಂದನ್ನು ಆಕೆ ಎಂದಿದ್ದರೆ ನಮಗೆಲ್ಲ ಸ್ವಲ್ಪ ಹಗುರವಾಗುತ್ತಿತ್ತು.

ನೀರು ಇಳಿಯಿತು, ಕೆಸರು ಉಳಿಯಿತು. ಸೇತುವೆಯ ಬಾಯಿಗೆ ಏನೋ ಅಡ್ಡ ಸಿಕ್ಕಿದೆಯೆಂದು ಎದಿರಾಜ್ ಕೊಕ್ಕೆ ಹಾಕಿ ಎಳೆದರೆ, ಮೊದಲು ಒಂದು ಹಲ್ಲು ಬಂತು, ಬಾಗಿಲಿನಷ್ಟು. ಆಮೇಲೆ ಇನ್ನೊಂದು. ತಣಿಕಾಚಲಂ ನಗು ಮೋರಿಯ ಅಗಲಕ್ಕೂ ಅಂಟಿಕೊಂಡು, ಬಂದ ಕಸವನ್ನೆಲ್ಲ ಕಚ್ಚಿ ಹಿಡಿದು, ನೀರು ಹೋಗದ ಹಾಗೆ ನೋಡಿಕೊಂಡಿತ್ತು. ಪೂರ್ತಿ ಎಳೆದ ಮೇಲೂ ಆ ಮುಖ ನಗುತ್ತಲೇ ಇತ್ತು, ಗಡ್ಡದ ತುಂಬ ಹೊಲಸು. ಪೆಟ್ಟಿಗೆ ಮಾತ್ರ ತನ್ನ ಜಾಗದಲ್ಲೇ, ಬೆನ್ನ ಮೇಲೆ ಮಾಸಿದ ಕುಂಕುಮದೊಂದಿಗೆ ಮುಖ ಕೆಳಗೆ ಮಾಡಿ ನೇತಾಡುತ್ತಿತ್ತು.

ಲೂರ್ದು ಬಂದು ಉಳಿದ ಕಥೆ ಹೇಳಿದ. ಆ ಬೆಳಿಗ್ಗೆ ತಣಿಕಾಚಲಂ ಒಂದು ಕಿವಿ ಚುಚ್ಚುವ ಶಾಸ್ತ್ರದ ಊಟಕ್ಕೆ ಹೋಗಿದ್ದರು. ಅವರ ನೆಂಟರನ್ನು ಆಟೋದಲ್ಲಿ ತಂದ ಲೂರ್ದುಗೂ ಅದೇ ಸಾಲಿನ ಕೊನೆಯಲ್ಲಿ ಎಲೆ ಹಾಕಿದ್ದರು. “ಫೋನು ಎಲೆ ಪಕ್ಕದಲ್ಲೇ ಇತ್ತಣ್ಣಾ. ಟಿಣ್ ಅಂತು. ನೋಡಿದ್ರು. ಇನ್ನೊಂದ್ಸಲ ಟಿಣ್ ಅಂತು. ‘ಮತ್ತೆ ಆ ಹೆಂಗಸಿನ ಕುಂಬಳಕಾಯಿ’ ಅಂತ ನಕ್ಕು ಫೋನ್ ಬೋರಲು ಹಾಕಿ, ಪಾಯಸ ಇನ್ನೊಂದು ಸೌಟು ಹಾಕಿಸ್ಕೊಂಡ್ರು. ಏನು ಮೆಸೇಜು ಅಂತ ನಂಗೇನು ಗೊತ್ತು? ನಾನೂ ಹಾಕಿಸ್ಕೊಂಡೆ.”

ಎರಡನೆಯ ಗ್ರೈಂಡರಿನ ಕಲ್ಲೂ ಟೀ ಅಂಗಡಿಯ ಮುಂದೆ ಬಂದು ಬಿತ್ತು. ಈಗ ಇಬ್ಬರು ಕೂರಬಹುದು. ಆದರೆ ಎದಿರಾಜ್ ಯಾವುದರ ಮೇಲೂ ಕೂರುತ್ತಿಲ್ಲ. ನಿಂತೇ ಟೀ ಕುಡಿಯುತ್ತಾನೆ. ತಿರುವೊಟ್ಟಿಯೂರಿನ ಮಗಳು ಬಂದು ಒಂದು ಸಣ್ಣ ಗ್ರೈಂಡರ್ ಕೊಟ್ಟು ಹೋದಳು, ಮೇಜಿನ ಮೇಲೆ ಇಡುವಂಥದ್ದು. ಬೀದಿಗೆಲ್ಲ ಸಾಲುವ ಹಿಟ್ಟು ಅದರಲ್ಲಿ ಆಗುವುದಿಲ್ಲ, ಆರೇಳು ಮನೆಗೆ ಆದರೆ ಹೆಚ್ಚು. ದೇಸಮ್ಮಾಳ್ ಅದನ್ನು ಮಗುವಿನ ಹಾಗೆ ಸೊಂಟಕ್ಕೆ ಏರಿಸಿ, ಮಾಳಿಗೆಗೆ ಹತ್ತಿ ಇಳಿದು, ಮತ್ತೆ ಹತ್ತಿ ಇಳಿದು ನೋಡಿದಳು. ಯಾವ ಗಂಡಸೂ ಬೇಕಾಗಲಿಲ್ಲ.

ಕೆಸರು ಒಣಗುವ ಮುಂಚೆ ತಣಿಕಾಚಲಂ ಬಂದರು. ಬ್ರೆಡ್ಡು, ಹಾಲಿನ ಪ್ಯಾಕೆಟ್ಟು, ಫೋಟೋಗ್ರಾಫರ್. ಬಿಳಿ ಪಂಚೆ ಕೊಚ್ಚೆಗೆ ತಗಲದಂತೆ ಎತ್ತಿ ಹಿಡಿದು, ಕೂರಲು ಎತ್ತರದ ಜಾಗ ಹುಡುಕಿ, ಟೀ ಅಂಗಡಿಯ ಮುಂದಿನ ಹೊಸ ಕಲ್ಲಿನ ಮೇಲೆ ಆಸೀನರಾದರು. ಅಲ್ಲಿಂದಲೇ ಬ್ರೆಡ್ಡು ಹಂಚಿದರು. ಬೀದಿಯವರ ಮುಖ ನೋಡಿ ಅವರಿಗೆ ಏನೋ ಹೇಳಬೇಕೆನ್ನಿಸಿರಬೇಕು.

“ನೋಡಿ, ನಂಗೆ ಮೆಸೇಜ್ ಬಂದಿದ್ದು ನಿಜ. ಇಲ್ಲ ಅನ್ನಲ್ಲ. ಆದ್ರೆ ನಂಬೋದು ಹೆಂಗೆ? ಕುಂಬಳಕಾಯಿ ನೋಡಿ ನೀರು ನೀರು ಅಂತ ಬಾಯಿ ಬಡ್ಕೊಂಡ ಯಂತ್ರ ಅದು. ಅಗ್ಗದ ಮಾಲು ತಂದು ಇಟ್ರೆ ಹಿಂಗೇ ಆಗೋದು. ನಾಳೆನೇ ಅದನ್ನ ಕಿತ್ತು ಹಾಕಿಸ್ತೀನಿ. ಏನಮ್ಮಾ ದೇಸಮ್ಮಾಳ್, ಸರಿ ತಾನೆ? ನಿಂದೇ ಎಲ್ರಿಗಿಂತ ಜಾಸ್ತಿ ಹಾಳಾಗಿರೋದು. ನೀನೇ ಹೇಳು.”

ದೇಸಮ್ಮಾಳ್ ಬ್ರೆಡ್ಡು ತೆಗೆದುಕೊಂಡಿರಲಿಲ್ಲ. ಸೆರಗಿನ ತುದಿ ಮೂಗಿನ ಮೇಲಿಟ್ಟುಕೊಂಡಳು.

“ಅಣ್ಣಾ, ಅದು ಕುಂಬಳಕಾಯಿ ನೋಡಿ ನೀರು ಅಂತು. ನೀವು ನೀರು ಬಂದ್ರೆ ಕುಂಬಳಕಾಯಿ ಅಂದ್ರಿ. ಅದು ಒಂದ್ಸಲ ಹೇಳ್ಕೊಟ್ಟಿದ್ದಕ್ಕೆ ತಿದ್ಕೊಂತು, ಅದು ಇರ್ಲಿ. ವೈರು ಇಲ್ಲಿ ಕೊಟ್ಟು ಹೋಗಿ, ಲೂರ್ದು ಸೇರಿಸ್ತಾನೆ. ಆಮೇಲೆ ಸ್ವಲ್ಪ ಎದ್ದೇಳಿ ಅಣ್ಣಾ, ನೀವು ಕೂತಿರೋ ಕಲ್ಲನ್ನ ನಾನಿನ್ನೂ ತೊಳೆದಿಲ್ಲ.”